ಒಂದು ಗುಂಟೆ

ಬೆಳಗಿನ ಆರಕ್ಕೆ ಹಳೇ ಜೈಲು ಮೈದಾನದಲ್ಲಿ
ಬ್ಲೌಸಿನ ಟೇಪು ಹಿಡಿದು ಕುಕ್ಕರುಗಾಲಲ್ಲಿ ಕೂತೆ.
ಆರು ಟೇಪು, ಮೇಲೆ ಮೂವತ್ತಾರು ಇಂಚು:
ಮೂವತ್ತಮೂರು ಅಡಿ. ಹಾಗೇ ನಾಲ್ಕೂ ಕಡೆ.
ಮೂಲೆಗೊಂದು ಸೀಮೆಸುಣ್ಣ ಇಟ್ಟು ಒಳಗೆ ನಿಂತೆ.
ಇಷ್ಟೇನಾ ಗುಂಟೆ?
ವಾಕಿಂಗಿನವರೊಬ್ಬರು ನಿಂತು ಕೇಳಿದರು,
ಏನಮ್ಮ, ಏನು ಕಳಕೊಂಡ್ರಿ?

ಇನ್ನೂ ಇಲ್ಲ, ಅಂದೆ.

ದುರ್ಗಿಗುಡಿಯಲ್ಲಿ ಹತ್ತೊಂಬತ್ತು ವರ್ಷ
ಫಾಲ್ಸು, ಹುಕ್ಕು, ಪೈಪಿಂಗಿನಲ್ಲಿ ಕೂಡಿಟ್ಟ ಹಣ.
ಆರ್ಡರು ಬುಕ್ಕಿನ ಹಿಂದಣ ಹಾಳೆಗಳಲ್ಲಿ ಈಗ
ಪಹಣಿ, ಮ್ಯುಟೇಷನ್, ಋಣಭಾರ, ಚೆಕ್ಕುಬಂದಿ,
ದಿನಕ್ಕೊಂದೇ ಪದ.
ಖರಾಬು ಅಂದರೆ ಹೊಲಿಗೆಯೊಳಗೆ ಬಿಡುವ ಬಟ್ಟೆ ಅಂದುಕೊಂಡಿದ್ದೆ,
ಬೇಕಾದಾಗ ಬಿಚ್ಚಿ ಸಡಿಲಿಸಬಹುದು ಅಂತ.
ಸರ್ವೆಯಲ್ಲಿ ಸರಪಳಿ ಎಳೆದ ಹಾಲೇಶಪ್ಪ,
ಪ್ಯಾಂಟಿನ ಸೊಂಟ ಬಿಡಿಸಲು ಬಂದವರು, ನಕ್ಕರು:
"ಅದು ಹಳ್ಳ ಕಣಮ್ಮ. ಕಾಗದದಲ್ಲಿರುತ್ತೆ, ನಿನ್ನದಲ್ಲ."

ಭಾನುವಾರ ಸಾಗರ ರಸ್ತೆ ಕಡೆ
ಕುಬೇರಪ್ಪ ಸೈಟು ತೋರಿಸಿದ, ಕೈ ಚಾಚಿ:
"ಪೂರ್ವಕ್ಕೆ ನೋಡಿ, ಮೂವತ್ತಡಿ ರೋಡು!"
ನೋಡಿದೆ. ಕೆಮ್ಮಣ್ಣು, ಸುಣ್ಣ ಬಳಿದ ಹೊಸ ಕಲ್ಲು,
ಟ್ರಾಕ್ಟರಿನ ಗಾಲಿಗುರುತು.
ಕಾಗದ ಬಿಚ್ಚಿ, ಬೆರಳಿಟ್ಟು, ಸ್ವಲ್ಪ ಜೋರಾಗೇ ಓದಿದೆ:
ಪೂರ್ವಕ್ಕೆ, ದ್ಯಾವನಾಯ್ಕ ಬಿನ್ ಹುಚ್ಚನಾಯ್ಕ ಇವರ ಜಮೀನು.
"ದ್ಯಾವನಾಯ್ಕ ಯಾರು?"
ಫೋನು ಬಂತೆಂದು ಕುಬೇರಪ್ಪ ಅತ್ತ ಸರಿದ.
ರಿಂಗೇ ಆಗಿರಲಿಲ್ಲ.

ಬಸ್ಸಿಗೆ ಕಾಯದೆ ಗಾಡಿಕೊಪ್ಪದವರೆಗೆ ನಡೆದೇ ಬಂದೆ,
ಹೆಜ್ಜೆ ಎಣಿಸುತ್ತ, ಎಲ್ಲೋ ಲೆಕ್ಕ ತಪ್ಪಿಸಿಕೊಂಡು.
ರಾತ್ರಿ ಬಾಕಿ ಎರಡು ಬ್ಲೌಸು ಮುಗಿಸಿ
ಬುಕ್ಕು ತಿರುವಿ ಬರೆದುಕೊಂಡೆ
ನಾಳೆಯ ಪದ:
ದಾರಿ ಹಕ್ಕು.