ಎಲುಬಿಲ್ಲದ್ದು

ನ್ಯೂ ಬೆಡ್‌ಫರ್ಡ್, ನವೆಂಬರ್, ಎರಡನೇ ಮಹಡಿ.
ಸಿಂಕಿನ ಕೆಳಗೆ ಅಂಗಾತ ಮಲಗಿದ್ದೆ, ಅನ್ಸೆಲ್ಮೊ,
ತಲೆ ಕಪಾಟಿನೊಳಗೆ, ಕಾಲು ಅಡುಗೆಮನೆಯ ಚಳಿಯಲ್ಲಿ,
ನೀನು ಕಾರಿನಡಿ ಮಲಗುತ್ತಿದ್ದ ಹಾಗೆ,
ಬಾಯಲ್ಲಿ ಟಾರ್ಚು.

ಮೂರು ವಾರದಿಂದ ಸೋರಿಕೆ.
ಮೊದಲು ಬಟ್ಟೆ ಇಟ್ಟೆ, ಆಮೇಲೆ ಬಟ್ಟಲು,
ಆಮೇಲೆ ನೀನು ಮೀನಿಗೆ ಎರೆ ಒಯ್ಯುತ್ತಿದ್ದ ಬಕೆಟ್ಟು.
ಹನಿ ಹನಿ ಕೂಡಿದರೆ ಹಳ್ಳ ಅನ್ನುತ್ತಾರೆ.
ಇಲ್ಲಿ ಹನಿ ಹನಿ ಕೂಡಿ
ಕೆಳಗಿನ ಮನೆ ಲಿವ್ರಮೆಂಟೊನ ಸೀಲಿಂಗಿನಲ್ಲಿ
ಚಹಾ ಬಣ್ಣದ ಒಂದು ದ್ವೀಪ.
ಅವನು ಹುಟ್ಟಿದ ದ್ವೀಪದಂತೆಯೇ ಇದೆಯಂತೆ.
ಅವನ ಮೊಮ್ಮಗಳು ಮೆಟ್ಟಿಲ ಮೇಲೆ ಹೇಳಿದ್ದು.
ಅವನು ನನ್ನೊಡನೆ ಮಾತಾಡುವುದು ಪೊರಕೆಯ ಹಿಡಿಯಿಂದ ಮಾತ್ರ:
ಟಕ್ ಟಕ್, ಕೆಳಗಿನಿಂದ ಮೇಲಕ್ಕೆ,
ನಾಲ್ಕು ವರ್ಷದಿಂದ,
ಆ ಪಾರ್ಕಿಂಗ್ ಜಗಳದ ನಂತರ.

ಪ್ಲಂಬರನ ರೇಟು ಕೇಳಿ ಫೋನು ಇಟ್ಟೆ.
ಅಂಗಡಿಯ ಹುಡುಗ ಪುಟ್ಟಿಯ ಡಬ್ಬಿ ಕೊಟ್ಟು
"ಮೇಲಿನ ಅಂಚಿಗೆ ಇದು, ಕೆಳಗೆ ರಬ್ಬರು" ಅಂದ,
ಇಪ್ಪತ್ತೊಂದು ವರ್ಷ ಮೀನಿನ ಕಾರ್ಖಾನೆಯಲ್ಲಿ
ಚಿಪ್ಪು ಬಿಡಿಸಿದವಳಿಗೆ
ಅಂಚು ಯಾವುದೆಂದು ಕಲಿಸುವವನ ಹಾಗೆ.

ದೊಡ್ಡ ನಟ್ಟು ಬಿಚ್ಚಲು ಒಂದು ಗಂಟೆ.
ಒಂದು ಸುತ್ತಿಗೆ ಏಟು, ಒಬ್ಬ ಸಂತನ ಹೆಸರು,
ಸಂತನಿಗೆ ಕೇಳಿಸಬಾರದ ಒಂದು ಮಾತು.
ಕೊನೆಗೆ ಆ ಸ್ಟೀಲಿನ ಬಾಯಿ ಎದ್ದು ಬಂತು,
ಕಿತ್ತ ಹಲ್ಲಿನಂತೆ, ಬೇರಿನ ವಾಸನೆ ಸಮೇತ.

ಅದರ ಅಂಚಿನಲ್ಲಿ ನೀನು.
ಎಂಬತ್ತೊಂಬತ್ತರಲ್ಲಿ ನೀನು ಮೆತ್ತಿದ ಪುಟ್ಟಿ
ಒಣಗಿ, ಹಳೆ ಚೀಸಿನಂತೆ ಬಿರುಕು ಬಿಟ್ಟು,
ಮುಕ್ಕಾಲು ಸುತ್ತು ಬಂದು ನಿಂತಿತ್ತು.
ಡಬ್ಬಿ ಖಾಲಿಯಾಗಿತ್ತೋ,
ಟೀವಿಯಲ್ಲಿ ಆಟ ಶುರುವಾಗಿತ್ತೋ.
"ಸಾಕು, ತಡೆಯುತ್ತೆ" ಅಂದಿದ್ದೆ ನೀನು.
ತಡೆಯಿತು ಕೂಡ,
ನಿನಗಿಂತ ಆರು ವರ್ಷ ಹೆಚ್ಚು.
ನಿಂತ ಜಾಗದಲ್ಲಿ ನಿನ್ನ ಹೆಬ್ಬೆರಳ ಗುರುತು,
ಗೆರೆ ಗೆರೆಯಾಗಿ, ನಡುವೆ ಗಾಯದ ಅಡ್ಡಗೀಟು.

ಕೂತೆ. ಕಾಫಿ ಮಾಡೋಣವೆಂದರೆ ಸಿಂಕಿಲ್ಲ.
ಆ ಗುರುತಿನೊಳಗೆ ನನ್ನ ಹೆಬ್ಬೆರಳು ಇಟ್ಟು ನೋಡಿದೆ, ಸುಳ್ಳೇಕೆ.
ಸುತ್ತಲೂ ಜಾಗ ಉಳಿಯಿತು.
ಆಮೇಲೆ ಚಾಕು ತಂದೆ.

ನನ್ನಪ್ಪ ದೋಣಿಯ ಸಂದು ತುಂಬುವವನು,
ಹಲಗೆಗಳ ನಡುವೆ ನಾರು ತುರುಕಿ ರಾಳ ಮೆತ್ತುವವನು.
ನಾಲಿಗೆಯ ಹಾಗೆ ನೀರಿಗೂ ಎಲುಬಿಲ್ಲ, ಮಗಳೇ,
ಹಳೆಯದರ ಮೇಲೆ ಹೊಸದು ಮೆತ್ತಿದರೆ
ಎರಡರ ನಡುವೆಯೇ ನುಸುಳುತ್ತೆ ಅನ್ನುತ್ತಿದ್ದ.
ಅದಕ್ಕೇ ಕೆರೆದೆ. ಪೂರ್ತಿ.
ಸಿಂಕಿನ ಬಿಳಿ ಕಾಣುವ ತನಕ.
ಕಾಫಿಯ ಚರಟದ ಜೊತೆ ಕಸಕ್ಕೆ ಹಾಕಿದೆ, ಸಿಟ್ಟಾಗಬೇಡ.

ಹೊಸ ಪುಟ್ಟಿ ತಣ್ಣಗಿತ್ತು. ಅಂಗೈಗಳ ನಡುವೆ ಹೊಸೆದೆ,
ಬೆರಳು ದಪ್ಪದ ಬತ್ತಿ.
ಅಂಚಿನ ಸುತ್ತ ಬಳಸಿ, ತುದಿಗೆ ತುದಿ ಮುಟ್ಟಿಸಿ,
ನಿನ್ನ ಕಾಲು ಸುತ್ತಿನ ನೆನಪಿಗೆ ಒಂದಿಷ್ಟು ಹೆಚ್ಚು ಸೇರಿಸಿ
ಒತ್ತಿ ಕೂರಿಸಿದೆ.
ಕೆಳಗೆ ನುಗ್ಗಿ ರಬ್ಬರು, ರಟ್ಟಿನ ಬಳೆ, ನಟ್ಟು.
ನಟ್ಟು ತಿರುಗಿತು.
ಜೊತೆಗೆ ಮೇಲಿನ ಬಾಯಿಯೂ ತಿರುಗಿತು.
ಇನ್ನೊಮ್ಮೆ. ಮತ್ತೆ ಎರಡೂ ಒಟ್ಟಿಗೆ,
ಮದುವೆಮನೆಯ ಕುಣಿತದಂತೆ.
ಯಾರೂ ಹೇಳಿರಲಿಲ್ಲ:
ಇದಕ್ಕೆ ಇಬ್ಬರು ಬೇಕು, ಮೇಲೊಬ್ಬರು ಹಿಡಿದು,
ಕೆಳಗೊಬ್ಬರು ಬಿಗಿದು.

ಎಷ್ಟೋ ಹೊತ್ತು ಪೈಪು ನೋಡುತ್ತ ಮಲಗಿದ್ದೆ.
ಆಮೇಲೆ ಸುತ್ತಿಗೆಯ ಹಿಡಿಯಿಂದ
ನೆಲಕ್ಕೆ ಕುಟ್ಟಿದೆ. ಟಕ್ ಟಕ್.

ಬಂದ. ಚಪ್ಪಲಿ, ಉಣ್ಣೆಯ ಟೋಪಿ,
ಕೈಯಲ್ಲಿ ಪೊರಕೆ, ಮರೆತು ತಂದದ್ದು.
ಇಕ್ಕಳ ಕೊಟ್ಟೆ.
"ಹಿಡಿ."
"ಹಿಡಿದಿದ್ದೇನೆ."
"ಬಿಗಿ ಹಿಡಿ."
"ಹಿಡಿದೇ ಇದ್ದೇನೆ, ಡಿಯೋಲಿಂಡಾ."
ಹೆಚ್ಚಾದ ಪುಟ್ಟಿ ಅಂಚಿನ ಸುತ್ತ ಉಕ್ಕಿತಂತೆ.
ಅವನೇ ಬೆರಳಲ್ಲಿ ಬಳಿದು ತೆಗೆದ,
ಪೂರ್ತಿ ಸುತ್ತು.

ಸಿಂಕು ತುಂಬಿಸಿ, ಒಣ ಪತ್ರಿಕೆ ಹಾಸಿ ಕಾದೆವು.
ಬಿರಡೆ ಎಳೆದಾಗ ನೀರು ಗೊರಗೊರ ಇಳಿಯಿತು.
ಮಂಡಿಯೂರಿ ಇಬ್ಬರೂ ಬಗ್ಗಿದೆವು:
ಪತ್ರಿಕೆಯ ಮೇಲೆ ಒಂದು ಒದ್ದೆ ಚುಕ್ಕೆ.

"ಅದು ನಿನ್ನ ಬೆವರು" ಅಂದೆ.
"ನವೆಂಬರಿನಲ್ಲಾ?" ಅಂದ.
ಮತ್ತೇನೂ ಹೇಳದೆ
ಎರಡನೆಯದಕ್ಕೆ ಕಾಯುತ್ತಾ ಕೂತೆವು.