ಮೂರು ಮೆಟ್ಟಿಲು

ವಾಲ್ಪರೈಸೊದ ಗುಡ್ಡಗಳಲ್ಲಿ
ರಸ್ತೆ ಅರ್ಧಕ್ಕೇ ಕೈಚೆಲ್ಲುತ್ತದೆ.
ಅಲ್ಲಿಂದಾಚೆ ಮೆಟ್ಟಿಲು.
ನಿಬಾಲ್ದೊ ಆಂಬುಲೆನ್ಸನ್ನು ಓರೆಯಾಗಿ ನಿಲ್ಲಿಸಿ
ಚಕ್ರಕ್ಕೆ ಕಲ್ಲು ಕೊಟ್ಟು
ಬೈಗುಳದಂಥದೊಂದು ಪ್ರಾರ್ಥನೆ ಗೊಣಗಿದ.
ಆಕ್ಸಿಜನ್ ಸಿಲಿಂಡರು ನನ್ನ ಹೆಗಲಿಗೆ,
ಮಡಚುವ ಕುರ್ಚಿ ಯಾಸ್ನಾಳ ಬೆನ್ನಿಗೆ.
ಹೊಸಬಳು. ಸೇರಿ ಹನ್ನೊಂದು ದಿನ.
ತುಟಿಯೊಳಗೇ ಮೆಟ್ಟಿಲು ಎಣಿಸುತ್ತಿದ್ದಳು.
ಎಣಿಸುವುದೇನು, ಇನ್ನೂರ ಹನ್ನೊಂದು, ಅಂದೆ.
ಈ ಗುಡ್ಡ ನನಗೆ ಅಂಗೈ ಗೆರೆ.

ಹಳದಿ ತಗಡಿನ ಮನೆ.
ಬಾಗಿಲಲ್ಲಿ ನಿಂತಿದ್ದ ಓದಿಲಿಯಾ
ದೇವರು ಬಂದ ಹಾಗೆ ಬಂದಿರಿ, ಅಂದಳು.
ದೇವರಿಗೆ ಏದುಸಿರು.
ದೇವರ ಎಡ ಮಂಡಿ ಹಿಡಿದುಕೊಂಡಿದೆ.
ಒಂದು ಲೋಟ ನೀರು ಕೊಡಮ್ಮಾ, ಅಂದಿತು ದೇವರು.

ಒಳಗೆ ದೋನ್ ಎಲಿಸೆಯೊ,
ಬಂದರಿನಲ್ಲಿ ಕ್ರೇನು ಓಡಿಸಿದ ಮುದುಕ,
ಹಾಸಿಗೆಯಲ್ಲಿ ನೆನೆದ ಗೋಣಿಯಂತೆ.
ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಇಪ್ಪತ್ತೆಂಟು.
ನರಕ್ಕೆ ಸೂಜಿ. ಸೂಜಿಗೆ ಸಿಹಿನೀರು.
ಮೂರು ನಿಮಿಷ,
ಮುದುಕ ಕಣ್ಣು ಬಿಟ್ಟು
ನನ್ನ ಬೂಟು ಯಾಕೆ ಹಾಸಿಗೆ ಪಕ್ಕ ಇಲ್ಲ ಎಂದು ರೇಗಿದ.

ಮನೆಯೆಲ್ಲ ಅತ್ತಿತು.
ಓದಿಲಿಯಾ ನನ್ನ ಕೈಗೆ ಮುತ್ತಿಟ್ಟಳು.
ಎಂಥ ಕೈಗುಣ ನಿಮ್ಮದು!
ಸಕ್ಕರೆ ಮಾಡಿದ ಕೆಲಸಕ್ಕೆ
ನನ್ನ ಕೈಗೆ ಮುತ್ತು.
ಬಟ್ಟೆಯಲ್ಲಿ ಸುತ್ತಿದ ಬಿಸಿ ಬ್ರೆಡ್ಡು ಬೇರೆ,
ದಾರಿಗಿರಲಿ ಅಂತ.

ಬ್ರೆಡ್ಡು ಬೇಡ.
ಯಾಕೆಂದು ಅವಳಿಗೆ ಹೇಳಲಿಲ್ಲ. ನಿನಗೂ ಹೇಳಬೇಕಿಲ್ಲ, ಆದರೂ:
ಮೂರು ಚಳಿಗಾಲದ ಹಿಂದೆ, ಕೆಳಗಿನ ಓಣಿಯಲ್ಲಿ,
ಮೀನು ಮಾರುವ ರುಪೆರ್ತೊ
ಬೆನ್ನಲ್ಲಿ ಯಾರೋ ಕೂತ ಹಾಗಿದೆ ಅಂದಿದ್ದ.
ಇಸಿಜಿ ಗೆರೆ ನೆಟ್ಟಗಿತ್ತು.
ಗ್ಯಾಸು, ಅಂದೆ. ನಕ್ಕೆ ಕೂಡ.
ರಾತ್ರಿ ಸಾರು ಕಮ್ಮಿ ಹೊಡೆಯಪ್ಪಾ, ಅಂದೆ.
ಅವನೂ ನಕ್ಕ. ಅವನ ಹೆಂಡತಿ
ಎರಡು ಬ್ರೆಡ್ಡು ಕಟ್ಟಿಕೊಟ್ಟಳು,
ಇಳಿಯುತ್ತ ಇಳಿಯುತ್ತ ತಿಂದು ಮುಗಿಸಿದೆ.
ಬೆಳಗಿನ ನಾಲ್ಕಕ್ಕೆ ಅದೇ ವಿಳಾಸ ರೇಡಿಯೊದಲ್ಲಿ ಬಂತು.
ಯಾರೂ ಬೈಯಲಿಲ್ಲ.
'ಆ ಹೊತ್ತಿನ ಲಕ್ಷಣಗಳಿಗೆ ತಕ್ಕ ನಿರ್ಧಾರ'
ಎಂದು ಬರೆದು ಮುದ್ರೆ ಒತ್ತಿದರು.
ಉಂಡ ಮನೆಗೆ ಎರಡು ಬಗೆಯಬಾರದಂತೆ.
ನಾನು ಒಂದನ್ನೂ ಬಗೆಯಲಿಲ್ಲ,
ಸುಮ್ಮನೆ ಉಂಡೆ.

ಇಷ್ಟಾದ ಮೇಲೂ
ಇವತ್ತು ಪೆಟ್ಟಿಗೆ ಮುಚ್ಚಿದ್ದು ನಾನೇ.
ಹೊಟ್ಟೆತುಂಬ ತಿನ್ನಿಸಿ, ಮಲಗಲಿ, ಅಂದಿದ್ದೂ ನಾನೇ.
ಮೆಟ್ಟಿಲು ನೆನಪಾಗಿತ್ತು, ಮಂಡಿಯೂ.
ಯಾಸ್ನಾ ಕಿಟಕಿಯ ಹತ್ತಿರ
ಮಾತ್ರೆ ಡಬ್ಬಿಗಳನ್ನು ತಿರುಗಿಸಿ ಓದುತ್ತಿದ್ದಳು,
ಪರೀಕ್ಷೆಗೆ ಕೂತ ಹುಡುಗಿಯ ಹಾಗೆ, ಹೆದರಿಕೊಂಡು.
'ತಪ್ಪಾದರೆ ಕ್ಷಮಿಸಿ.
ಈ ಮಾತ್ರೆ ಒಂದು ದಿನವೆಲ್ಲ ಒಳಗೇ ಇರುತ್ತದಲ್ಲವೆ?
ಸಕ್ಕರೆ ಮತ್ತೆ ಇಳಿಯುವುದಿಲ್ಲವೆ, ಇವರು ಮಲಗಿದಾಗ?'

ಡಬ್ಬಿ ಇಸಿದುಕೊಂಡೆ.
ಕನ್ನಡಕ ಹಾಕಿ ಓದಿದೆ.
ಮತ್ತೆ ಓದಿದೆ.
ಕೆಳಗೆ ಬಂದರಿನಲ್ಲಿ ಹಡಗೊಂದು ಕೂಗಿತು.
ಕುರ್ಚಿ ಬಿಚ್ಚು, ಅಂದೆ.

ಬೂಟು ಹಾಕಿಯೇ ಬರುತ್ತೇನೆಂದ ಮುದುಕ.
ಹಾಕಿದೆವು.
ಅವಳು ಮೇಲೆ, ನಾನು ಕೆಳಗೆ, ನಡುವೆ ಎಲಿಸೆಯೊ,
ಕ್ರೇನು ಓಡಿಸಿದವನ ಗತ್ತಿನಲ್ಲಿ
ಎಡಕ್ಕೆ, ನಿಧಾನ, ಇಳಿಸು ಇಳಿಸು, ಎನ್ನುತ್ತ.
ಮಂಜಿಗೆ ಕಲ್ಲು ಜಾರುತ್ತಿತ್ತು.
ಈ ಸಲ ನಾನೂ ಎಣಿಸಿದೆ, ಒಂದೊಂದೇ,
ಕಾಲಿಟ್ಟ ಮೇಲೆ, ಮುಂಚೆ ಅಲ್ಲ.

ಇನ್ನೂರ ಹದಿನಾಲ್ಕು.

ಯಾಸ್ನಾ ಏನೂ ಕೇಳಲಿಲ್ಲ.
ನಿಬಾಲ್ದೊ ಚಕ್ರದ ಕಲ್ಲು ತೆಗೆದ.
ಇಪ್ಪತ್ತು ವರ್ಷ ಹತ್ತಿ ಇಳಿದಿದ್ದೇನೆ,
ಆ ಮೂರರ ಮೇಲೆ
ದಿನವೂ ಕಾಲಿಟ್ಟಿರಲೇಬೇಕು.