ಕಾಶಮ್ಮನ ಗೀಟು

ಶಹಾಬಜಾರದ ನಮ್ಮ ಓಣಿಗೆ
ಎಮ್ಮೆ ಹಾಲು ಹಾಕುವ ಕಾಶಮ್ಮನಿಗೆ ಅಕ್ಷರ ಬರುವುದಿಲ್ಲ.
ಬಾಗಿಲ ಹಿಂದೆ, ಹಸಿರು ಬಣ್ಣದ ಮೇಲೆ
ಬಳಪದಿಂದ ದಿನಕ್ಕೊಂದು ಗೀಟು.
ಅರ್ಧ ಲೀಟರಿಗೆ ಉದ್ದನೆಯದು, ಪಾವಿಗೆ ಗಿಡ್ಡದು,
ಬರದ ದಿನಕ್ಕೆ ಸೊನ್ನೆ.
"ತವರಿಗೆ ಹೋಗಿದ್ನೆವ್ವಾ, ಆ ದಿನ ನಿಂದಲ್ಲ, ನಂದು."
ಚಪ್ಪಲಿ ಮೆಟ್ಟುವಾಗಲೆಲ್ಲ ಓದಿಕೊಳ್ಳುತ್ತೇನೆ:
ಹದಿನೇಳು ಗೀಟು, ಎರಡು ಸೊನ್ನೆ.
ನನ್ನ ಸಾಲ ನನ್ನ ಕಣ್ಣಿನ ಮಟ್ಟಕ್ಕಿದೆ.

ಇನ್ನೊಂದು ಸಾಲ ಎಲ್ಲಿದೆಯೋ ಗೊತ್ತಿಲ್ಲ.

ನರ್ಸಿಂಗ್ ಓದಲು ತೆಗೆದದ್ದು.
ಕೊಟ್ಟ ಬ್ಯಾಂಕು ಮತ್ತೊಂದು ಬ್ಯಾಂಕಿನ ಮನೆ ಸೇರಿ
ಅಡ್ಡಹೆಸರು ಬದಲಿಸಿಕೊಂಡಿದೆ.
ಖಾತೆಯ ನಂಬರಿಗೆ ಮುಂದೆ ಎರಡು ಸೊನ್ನೆ ಅಂಟಿದವು,
ಐದನೇ ತಾರೀಖು ಮಾತ್ರ ಬದಲಾಗಲಿಲ್ಲ.
ತಿಂಗಳು ತಿಂಗಳು ಫೋನು ಗುಂಯ್ ಅನ್ನುತ್ತದೆ:
ಐದು ಸಾವಿರದ ಒಂಬೈನೂರು ಹೋಯಿತು.
ಹೋಯಿತು, ಅಷ್ಟೇ. ಮುಟ್ಟಿತು ಅನ್ನುವುದಿಲ್ಲ.
ಆ್ಯಪಿನಲ್ಲಿ ಸಾಲದ ಮೇಲೆ ಒತ್ತಿದರೆ
ಒಂದು ಚಕ್ರ ತಿರುಗುತ್ತದೆ, ತಿರುಗುತ್ತದೆ,
ನಿಂತು ಹೇಳುತ್ತದೆ:
ಮಾಹಿತಿ ಲಭ್ಯವಿಲ್ಲ. ಶಾಖೆಯನ್ನು ಸಂಪರ್ಕಿಸಿ.

ವಾರ್ಡಿನಲ್ಲಿ ನಾನು ರಾತ್ರಿಯಿಡೀ ಬರೆಯುವುದೇ ಇದು:
ಒಳಗೆ ಎಷ್ಟು ಹೋಯಿತು, ಹೊರಗೆ ಎಷ್ಟು ಬಂತು.
ಚಾರ್ಟು ಮಂಚದ ಕಾಲಿನ ಕಡೆ ತೂಗುತ್ತಿರುತ್ತದೆ.
ಜೇವರ್ಗಿಯಿಂದ ಬಂದ ಮಗ
"ಅಪ್ಪ ಹೆಂಗಿದ್ದಾನ್ರೀ ಸಿಸ್ಟರ್" ಅಂದರೆ
ಬೆರಳಿಟ್ಟು ತೋರಿಸುತ್ತೇನೆ.

ಸೂಪರ್ ಮಾರ್ಕೆಟ್ಟಿನ ಶಾಖೆ. ಮೇ ತಿಂಗಳು.
ರಾತ್ರಿ ಪಾಳಿ ಮುಗಿಸಿ, ನಿದ್ದೆಗಣ್ಣಿನಲ್ಲಿ, ಮೂರನೇ ಸಲ.
ಪಾಸ್‌ಬುಕ್ ಯಂತ್ರದ ಬಾಯಿಗೆ ರಟ್ಟು ತುರುಕಿದ್ದಾರೆ.
ಕೌಂಟರಿನ ಹುಡುಗ ಒಡಿಶಾದವನು, ಸಂಭಾವಿತ.
ಅವನ ಹಿಂದಿ ಪುಸ್ತಕದ್ದು, ನನ್ನದು ಓಣಿಯ ದಖನಿ.
"ಕಿತ್ತಾ ಬಾಕಿ ಹೈ?" ಅಂದೆ.
ಅವನು ಪರದೆಯನ್ನು ನನ್ನ ಕಡೆ ತಿರುಗಿಸಿದ.
ಅಲ್ಲೂ ಅದೇ ಚಕ್ರ.
ನೀರಿನ ಜಗ್ಗು ಇಡಲು ಬಂದ ಜವಾನ ಜಗದೇವಪ್ಪ
ಕಿವಿಯ ಹತ್ತಿರ ಬಾಗಿದ:
"ಹಳೀ ಬ್ಯಾಂಕಿನ ಲೆಕ್ಕ ಇದ್ರಾಗ ಪೂರ್ತಿ ಇಳದಿಲ್ಲ ತಂಗೀ.
ಬರದು ಕೊಡು. ಕೊಟ್ಟಿದ್ದಕ್ಕ ಮೊಹರು ಹಾಕಿಸ್ಕೊ."

ಇಪ್ಪತ್ತೆರಡು ದಿನಕ್ಕೆ ನಾಲ್ಕು ಹಾಳೆ ಬಂದವು,
ಮಹಾನಂದಾ ಭೀಮಶಾ ಅನ್ನುವ ಹೆಸರಿಗೆ.
ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಎಣಿಸಿದೆ.
ನಾನು ಕಟ್ಟಿದ್ದು ಐವತ್ತೊಂದು ಕಂತು,
ಹಾಳೆಯಲ್ಲಿ ನಲವತ್ನಾಲ್ಕು.
ಮತ್ತೆ ಹೋಗಿ ಕೇಳಿದರೆ
ಏಳು ಕಂತು ಸಸ್ಪೆನ್ಸ್ ಖಾತೆಯಲ್ಲಿವೆಯಂತೆ.
ಸಿನಿಮಾ ಅಲ್ಲ, ಖಾತೆಯ ಹೆಸರೇ ಹಾಗೆ.
ಯಾರದೆಂದು ಗೊತ್ತಾಗದ ದುಡ್ಡು ಅಲ್ಲಿ ಕೂತಿರುತ್ತದೆ,
ಹೊರರೋಗಿಗಳ ಬೆಂಚಿನ ಮೇಲೆ ಚೀಟಿ ಕಳೆದುಕೊಂಡವರ ಹಾಗೆ.

ಯಾರದೆಂದು ಗೊತ್ತಿಲ್ಲವೇ?
ಒಂದು, ನಾನು ಎರಡು ಪಾಳಿ ಮಾಡಿ ಕಾಲು ಬಾತ ತಿಂಗಳಿನದು.
ಒಂದು, ತಂಗಿಯ ಸೀಮಂತಕ್ಕೆ ಬರಿಗೈಯಲ್ಲಿ ಹೋದದ್ದು.
ಮಿಕ್ಕವು ನನಗೂ ನೆನಪಿಲ್ಲ, ಅದು ಖರೆ.
ಆ ಏಳರ ಮೇಲಿನ ದಂಡಕ್ಕೆ ಮಾತ್ರ
ನನ್ನ ವಿಳಾಸ ಸರಿಯಾಗಿ ಗೊತ್ತಿತ್ತು.

ತಿಂಗಳ ಕೊನೆ. ಕಾಶಮ್ಮ ಗೀಟು ಎಣಿಸುತ್ತ
ಒಂದರ ಹತ್ತಿರ ನಿಂತಳು.
"ಬುಧವಾರ ಎಮ್ಮಿ ಒದ್ದು ಹಾಲೆಲ್ಲ ಚೆಲ್ಲಿತ್ತು.
ಗೀಟು ತಪ್ಪಿ ಬಿದ್ದದ ನೋಡು."
ಹೆಬ್ಬೆರಳಿನಿಂದ ಅದನ್ನು ಒರೆಸಿದಳು.
ದುಡ್ಡು ಸೊಂಟಕ್ಕೆ ಸಿಕ್ಕಿಸಿ
ಒದ್ದೆ ಅಂಗೈಯಿಂದ ಇಡೀ ತಿಂಗಳನ್ನು ಒರೆಸಿ
"ತೀರಿತು" ಅಂದಳು.
ಆಮೇಲೆ, ಕ್ಯಾನಿನ ಮುಚ್ಚಳ ಬಿಗಿಯುತ್ತ,
"ಬ್ಯಾಂಕಿಂದು ಎಷ್ಟ್ ಉಳೀತವ್ವಾ?"

ಅವಳ ಕೈಯಿಂದ ಬಳಪ ತಗೊಂಡು
ಬಾಗಿಲ ಮೇಲಿನ ಮೂಲೆಯಲ್ಲಿ ಏಳು ಗೀಟು ಎಳೆದೆ.
ಹಸಿ ಬಾಗಿಲು, ಒಂದೂ ಕಾಣಲಿಲ್ಲ.
ಸಂಜೆ ಎದ್ದು ನೋಡಿದರೆ ಒಣಗಿ ಬೆಳ್ಳಗೆ ಎದ್ದಿದ್ದವು.

ಮರುದಿನ ಕಾಶಮ್ಮ ಅವನ್ನು ಮುಟ್ಟದೆ
ಅಷ್ಟು ಜಾಗ ಬಿಟ್ಟು, ಕೆಳಗೆ
ಹೊಸ ತಿಂಗಳಿನ ಮೊದಲ ಗೀಟು ಎಳೆದಳು.